ಹತ್ತು ತಿಂಗಳ ಮಗು: ತೂಕ ಸಾಲದು, ಅಂಬೆಗಾಲಿಡುತ್ತಿಲ್ಲ, ಲಸಿಕೆಯೂ ಬಾಕಿ. ಯಾವುದಕ್ಕೆ ಅವಸರ?

ಪ್ರಶ್ನೆ: ನನ್ನ ಮಗಳಿಗೆ ಈಗ ಹತ್ತು ತಿಂಗಳು. ತಿಂಗಳು ತುಂಬಿಯೇ ಹುಟ್ಟಿದ್ದು. ಹುಟ್ಟಿದಾಗ 2.6 ಕಿಲೋ ಇದ್ದಳು. ಮೂರು ತಿಂಗಳಿಗೆ 5 ಕಿಲೋ, ಆರು ತಿಂಗಳಿಗೆ 6.3, ಈಗ 7.3. ಅತ್ತೆ ದಿನಾ 'ಕೂಸು ಸೊರಗಿದೆ' ಅನ್ನುತ್ತಾರೆ. ಪಕ್ಕದ ಮನೆಯಲ್ಲಿ ಇವಳದೇ ವಯಸ್ಸಿನ ಗಂಡು ಮಗು ಇದೆ. ಅವನು ಒಂಬತ್ತೂವರೆ ಕಿಲೋ ಇದ್ದಾನೆ, ಕುರ್ಚಿ ಹಿಡಿದು ನಿಲ್ಲುತ್ತಾನೆ. ನನ್ನ ಮಗಳು ಏಳು ತಿಂಗಳಿಗೇ ಚೆನ್ನಾಗಿ ಕೂತಳು, ಆದರೆ ಇನ್ನೂ ಅಂಬೆಗಾಲಿಡುತ್ತಿಲ್ಲ. ವಾಕರ್ ತರೋಣ ಅಂತ ಮನೆಯವರು ಹೇಳುತ್ತಿದ್ದಾರೆ. ಇನ್ನೊಂದು, ಒಂಬತ್ತು ತಿಂಗಳ ಲಸಿಕೆ ಹಾಕಿಸುವ ಹೊತ್ತಿಗೆ ಅವಳಿಗೆ ನೆಗಡಿ ಇತ್ತು. ಆಮೇಲೆ ಊರಲ್ಲಿ ಮದುವೆ ಬಂತು. ಹಾಗೇ ಉಳಿದುಬಿಟ್ಟಿದೆ. ಪೋಲಿಯೋ ಭಾನುವಾರ ಹನಿ ಮಾತ್ರ ಹಾಕಿಸಿದ್ದೇವೆ, ಅದು ಸಾಕಾಗುತ್ತಾ? ದಯವಿಟ್ಟು ತಿಳಿಸಿ.
(ಓದುಗರು, ರಾಣೆಬೆನ್ನೂರು)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಎರಡನ್ನು ವಿವರವಾಗಿ ಬರೆದಿದ್ದೀರಿ, ಮೂರನೆಯದನ್ನು ಕೊನೆಗೆ ನೆನಪಾಗಿ ಸೇರಿಸಿದ ಹಾಗಿದೆ. ನಾನು ಅದನ್ನು ತಲೆಕೆಳಗು ಮಾಡುತ್ತೇನೆ. ತೂಕಕ್ಕೆ ಸಮಯ ಇದೆ, ನಡಿಗೆಗೆ ಇನ್ನೂ ಜಾಸ್ತಿ ಸಮಯ ಇದೆ. ಲಸಿಕೆಗೆ ಇಲ್ಲ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಒಂಬತ್ತು ತಿಂಗಳಿಗೆ ಹಾಕುವ ಮುಖ್ಯ ಲಸಿಕೆ ದಡಾರ-ರುಬೆಲ್ಲಾದ್ದು. ಕಾರ್ಡಿನಲ್ಲಿ ಎಂಆರ್ ಅಂತ ಇರುತ್ತದೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ತಾಯಿಯಿಂದ ಬಂದ ರಕ್ಷಣೆ ಮಗುವಿನ ರಕ್ತದಲ್ಲಿ ಇರುತ್ತದೆ. ಆಗಲೇ ಲಸಿಕೆ ಕೊಟ್ಟರೆ ಆ ರಕ್ಷಣೆಯೇ ಲಸಿಕೆಗೆ ಅಡ್ಡ ಬರುತ್ತದೆ, ಕೊಟ್ಟದ್ದು ಸರಿಯಾಗಿ ಹತ್ತುವುದಿಲ್ಲ. ತುಂಬಾ ತಡ ಮಾಡಿದರೆ ತಾಯಿಯ ರಕ್ಷಣೆ ಕರಗಿಹೋಗಿರುತ್ತದೆ, ಮಗುವಿನದು ಇನ್ನೂ ಶುರುವಾಗಿರುವುದಿಲ್ಲ. ನಮ್ಮ ದೇಶದಲ್ಲಿ ಒಂಬತ್ತು ತಿಂಗಳು ಅಂತ ಆರಿಸಿದ್ದು ಈ ಎರಡರ ನಡುವಿನ ಹೊತ್ತನ್ನು ಲೆಕ್ಕ ಹಾಕಿ. ನಿಮ್ಮ ಮಗಳು ಈಗ ಸರಿಯಾಗಿ ಆ ಖಾಲಿ ಜಾಗದಲ್ಲಿ ಇದ್ದಾಳೆ.

ದಡಾರ ಅಂದರೆ ಅಮ್ಮ ಬಂದಿದ್ದಾಳೆ, ಬೇವಿನ ಸೊಪ್ಪು ಇಟ್ಟರೆ ಹೋಗುತ್ತಾಳೆ ಅನ್ನುವವರು ಈಗಲೂ ಇದ್ದಾರೆ. ಬೇವಿನ ಸೊಪ್ಪಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಈ ಕಾಯಿಲೆ ಹರಡುವಷ್ಟು ಸುಲಭವಾಗಿ ಹರಡುವ ಕಾಯಿಲೆಗಳು ಬಹಳ ಕಡಿಮೆ. ದಡಾರ ಇರುವ ಮಗು ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಅದರ ವೈರಾಣು ಆ ಗಾಳಿಯಲ್ಲಿ ಉಳಿಯಬಹುದು. ರಕ್ಷಣೆ ಇಲ್ಲದ ಹತ್ತು ಜನ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಅಂಟಬಹುದು. ನ್ಯುಮೋನಿಯಾ, ಭೇದಿ, ಕಿವಿ ಸೋರುವುದು, ಕೆಲವರಿಗೆ ಮಿದುಳಿನ ಉರಿಯೂತ, ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಬೇರೆ ಕಾಯಿಲೆಗಳ ವಿರುದ್ಧ ದೇಹ ಕಲಿತಿದ್ದ ನೆನಪನ್ನೂ ದಡಾರ ಅಳಿಸಿಹಾಕುತ್ತದೆ. ಅದಕ್ಕೇ ದಡಾರ ಬಂದು ಹೋದ ಮಗು ಎಷ್ಟೋ ತಿಂಗಳು ಪದೇ ಪದೇ ಹಾಸಿಗೆ ಹಿಡಿಯುತ್ತದೆ. ಮದುವೆ ಮನೆಯಂಥ ಜನಜಂಗುಳಿ ಜಾಗಕ್ಕೆ ಲಸಿಕೆ ಹಾಕಿಸದೆ ಹೋಗಿಬಂದಿದ್ದೀರಿ. ಏನೂ ಆಗಿಲ್ಲ, ಸರಿ. ಮುಂದಿನ ಮದುವೆಗೆ ಮೊದಲು ಹಾಕಿಸಿ.

ನೆಗಡಿ ಇದೆ ಅಂತ ಲಸಿಕೆ ಮುಂದೂಡಬೇಕಾದ ಅಗತ್ಯವೇ ಇರಲಿಲ್ಲ. ಸಣ್ಣ ನೆಗಡಿ, ಕೆಮ್ಮು, ಸ್ವಲ್ಪ ಭೇದಿ, ಸಣ್ಣಗೆ ಮೈ ಬೆಚ್ಚಗಿರುವುದು, ಹಲ್ಲು ಬರುತ್ತಿರುವುದು, ಯಾವುದೂ ಅಡ್ಡಿಯಲ್ಲ. ಆಸ್ಪತ್ರೆಗೆ ಸೇರಿಸಬೇಕಾದಷ್ಟು ಹುಷಾರಿಲ್ಲ, ಜೋರು ಜ್ವರ ಇದೆ ಅಂದರೆ ಮಾತ್ರ ಗುಣವಾಗುವವರೆಗೆ ನಿಲ್ಲಬೇಕು. ಹಿಂದಿನ ಡೋಸ್ ಹಾಕಿದ ತಕ್ಷಣ ಉಸಿರು ಕಟ್ಟಿ, ಮೈಯೆಲ್ಲ ದದ್ದು ಎದ್ದು ಜೀವಕ್ಕೇ ಅಪಾಯ ಆಗಿದ್ದರೆ, ಅಥವಾ ಮಗುವಿನ ರೋಗನಿರೋಧಕ ಶಕ್ತಿಯಲ್ಲೇ ದೊಡ್ಡ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಅಂಥದ್ದೇನೂ ನೀವು ಬರೆದಿಲ್ಲ. 'ಮಗು ಸೊರಗಿದೆ, ಸ್ವಲ್ಪ ಮೈಕೈ ತುಂಬಿಕೊಳ್ಳಲಿ, ಆಮೇಲೆ ಸೂಜಿ' ಅನ್ನುವ ಮಾತನ್ನೂ ಕೇಳಿರುತ್ತೀರಿ. ಅದು ಪೂರ್ತಿ ಉಲ್ಟಾ. ಸಣ್ಣಗಿರುವ ಮಗುವಿಗೇ ಕಾಯಿಲೆಯ ಹೊಡೆತ ಜೋರು, ಹಾಗಾಗಿ ಅದಕ್ಕೇ ಲಸಿಕೆ ಹೆಚ್ಚು ಬೇಕು.

ನಮ್ಮ ರಾಜ್ಯದಲ್ಲಿ ಹೆಚ್ಚಿನ ಕಡೆ ಗುರುವಾರ ಲಸಿಕೆಯ ದಿನ. ಈ ಗುರುವಾರವೇ ಹೋಗಿ. ಎಂಆರ್ ಜೊತೆಗೆ ಅವತ್ತೇ ಇನ್ನೂ ಕೆಲವು ಸಿಗುತ್ತವೆ. ನ್ಯುಮೋನಿಯಾ ತಡೆಯುವ ಪಿಸಿವಿಯ ಬೂಸ್ಟರ್. ತೋಳಿನ ಚರ್ಮದಲ್ಲಿ ಹಾಕುವ ಪೋಲಿಯೋ ಸೂಜಿಯ ಮೂರನೇ ಡೋಸ್, ಇದನ್ನು 2023ರಿಂದ ಸೇರಿಸಿದ್ದಾರೆ. ಬಾಯಿಗೆ ಹಾಕುವ ವಿಟಮಿನ್ ಎ, ಒಂದು ಎಂಎಲ್. ನಿಮ್ಮ ಜಿಲ್ಲೆಯ ಪಟ್ಟಿಯಲ್ಲಿ ಇದ್ದರೆ ಜಪಾನೀಸ್ ಮಿದುಳು ಜ್ವರದ ಲಸಿಕೆಯೂ ಉಂಟು, ಕೇಳಿ ನೋಡಿ. ಇಷ್ಟು ಸೂಜಿ ಒಂದೇ ದಿನ ಬೇಡ, ಮಗು ತಡೆಯಲ್ಲ ಅಂತ ಮನೆಯಲ್ಲಿ ಹೇಳಬಹುದು. ತಡೆಯುತ್ತದೆ. ಎಲ್ಲವನ್ನೂ ಒಂದೇ ದಿನ, ಬೇರೆ ಬೇರೆ ಜಾಗದಲ್ಲಿ ಹಾಕಬಹುದು. ಬಿಡಿಸಿ ಬಿಡಿಸಿ ಹಾಕಿಸಿದರೆ ಮಗು ಅಳುವ ದಿನಗಳು ಜಾಸ್ತಿಯಾಗುತ್ತವೆ, ಜೊತೆಗೆ ಒಂದೆರಡು ಮರೆತೂಹೋಗುತ್ತವೆ.

ಹೋಗುವಾಗ ತಾಯಿ ಕಾರ್ಡನ್ನು ಹಿಂದಿನ ಪುಟದವರೆಗೂ ತೋರಿಸಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ, ಐದು ಕಾಯಿಲೆ ತಡೆಯುವ ಪೆಂಟಾ ಮೂರೂ ಆಗಿವೆಯಾ ಅಂತ ಸಿಸ್ಟರ್ ನೋಡಲಿ. ನಡುವೆ ಯಾವುದಾದರೂ ಬಿಟ್ಟುಹೋಗಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡುವುದಿಲ್ಲ. ನಿಂತಲ್ಲಿಂದ ಮುಂದುವರಿಸುತ್ತಾರೆ, ಅಷ್ಟೇ. 'ತಡವಾಗಿದೆ, ಬೈತಾರೆ' ಅನ್ನುವ ಹೆದರಿಕೆಗೆ ಎಷ್ಟೋ ತಾಯಂದಿರು ಹೋಗುವುದನ್ನೇ ನಿಲ್ಲಿಸಿಬಿಡುತ್ತಾರೆ. ಬೈದರೂ ಬೈಸಿಕೊಂಡು ಹಾಕಿಸಿಕೊಂಡು ಬನ್ನಿ. ಕೆಲವಕ್ಕೆ ಮಾತ್ರ ವಯಸ್ಸಿನ ಗಡಿ ಇದೆ: ಭೇದಿ ತಡೆಯುವ ರೋಟಾ ಹನಿ, ಕ್ಷಯ ತಡೆಯುವ ಬಿಸಿಜಿ, ಪೆಂಟಾದ ಮೊದಲ ಡೋಸ್ ಇವು ಸರ್ಕಾರಿ ಕಾರ್ಯಕ್ರಮದಲ್ಲಿ ಒಂದು ವರ್ಷದ ಒಳಗೆ ಆಗಬೇಕು. ನಿಮಗಿನ್ನೂ ಎರಡು ತಿಂಗಳು ಇದೆ. ಅಂದಹಾಗೆ, ಬಿಸಿಜಿ ಹಾಕಿದ ಎಡತೋಳಿನಲ್ಲಿ ಕಲೆ ಮೂಡಿಲ್ಲ ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ಹಾಕಿದ್ದು ಕಾರ್ಡಿನಲ್ಲಿ ದಾಖಲಾಗಿದ್ದರೆ ಸಾಕು, ಕಲೆ ಇಲ್ಲ ಅಂತ ಮತ್ತೆ ಹಾಕಿಸಬೇಕಿಲ್ಲ.

ಪೋಲಿಯೋ ಭಾನುವಾರದ ಹನಿ ಇದಕ್ಕೆಲ್ಲ ಬದಲಿಯಲ್ಲ. ಅದು ಪಟ್ಟಿಯ ಮೇಲಿನ ಹೆಚ್ಚುವರಿ. 1995ರಲ್ಲಿ ಶುರುವಾದ ಆ ಅಭಿಯಾನದಿಂದಲೇ ಪೋಲಿಯೋ ಹೋಯಿತು ಅನ್ನುವುದು ನಿಜ. ನಮ್ಮ ದೇಶದಲ್ಲಿ ಸಹಜವಾಗಿ ಹರಡುವ 'ಕಾಡು' ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. ಆದರೆ ಆ ಎರಡು ಹನಿ ದಡಾರವನ್ನು ತಡೆಯುವುದಿಲ್ಲ, ಗಂಟಲಮಾರಿಯನ್ನೂ (ಡಿಫ್ತೀರಿಯಾ) ತಡೆಯುವುದಿಲ್ಲ.

ಸೂಜಿ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಅವತ್ತು ಅಥವಾ ಮರುದಿನ ಸ್ವಲ್ಪ ಜ್ವರ, ಕಿರಿಕಿರಿ ಬರಬಹುದು. ದಡಾರ ಲಸಿಕೆಯ ಜ್ವರ ಮಾತ್ರ ತಡವಾಗಿ ಬರುತ್ತದೆ. ಒಂದು ವಾರ, ಹತ್ತು ದಿನ ಕಳೆದ ಮೇಲೆ ಮೈ ಬೆಚ್ಚಗಾಗಿ ಸಣ್ಣ ಗುಳ್ಳೆ ಕಾಣಬಹುದು. ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಅಷ್ಟು ಹೊತ್ತಿಗೆ ಸೂಜಿ ಹಾಕಿಸಿದ್ದು ಮರೆತುಹೋಗಿರುತ್ತದೆ, ಹಾಗಾಗಿ ಈಗಲೇ ಹೇಳುತ್ತಿದ್ದೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆದರೆ ಬಾಟಲಿ ಮೇಲಿನ ಅಂಕಿ ಓದಿ. ಇದೊಂದು ಕಡೆ ಮನೆಗಳಲ್ಲಿ ದೊಡ್ಡ ಗೊಂದಲ ಆಗುತ್ತದೆ. 7.3 ಕಿಲೋ ಮಗುವಿಗೆ ಒಂದು ಸಲಕ್ಕೆ ಸುಮಾರು 100 ಮಿಲಿಗ್ರಾಂ ಬೇಕು. 5 ಎಂಎಲ್‌ಗೆ 125 ಅಂತ ಬರೆದ ಸಿರಪ್ ಆದರೆ ಅದು 4 ಎಂಎಲ್. 5 ಎಂಎಲ್‌ಗೆ 250 ಅಂತಿದ್ದರೆ 2 ಎಂಎಲ್. ಡ್ರಾಪರ್ ಇರುವ ಪುಟ್ಟ ಬಾಟಲಿಯಲ್ಲಿ 1 ಎಂಎಲ್‌ಗೇ 100 ಇರುತ್ತದೆ, ಅಲ್ಲಿ 1 ಎಂಎಲ್ ಮಾತ್ರ. ಪುಟ್ಟ ಬಾಟಲಿ ಅಂದರೆ ಕಡಿಮೆ ಶಕ್ತಿಯದು ಅಂದುಕೊಂಡು ಅದರಲ್ಲೇ ನಾಲ್ಕು ಎಂಎಲ್ ಕುಡಿಸುವವರಿದ್ದಾರೆ, ಅದು ಅಪಾಯ. ಆರು ಗಂಟೆಗೊಂದು ಸಲ, ದಿನಕ್ಕೆ ನಾಲ್ಕು ಸಲ ಮೀರಬಾರದು. ಜ್ವರ ಬರುವ ಮೊದಲೇ ಕೊಡುವುದೂ ಬೇಡ. ಸೂಜಿ ಹಾಕಿದ ಜಾಗಕ್ಕೆ ಅರಿಶಿನ ಹಚ್ಚುವುದು, ತಿಕ್ಕುವುದು, ಬಿಸಿ ಕಾವು ಕೊಡುವುದು ಬೇಡ.

'ಒಂಬತ್ತು ತಿಂಗಳದ್ದು ಆದರೆ ಮುಗೀತು' ಅನ್ನುವವರ ಮಾತು ಕೇಳಬೇಡಿ. ಒಂದು ಡೋಸ್ ದಡಾರ ಲಸಿಕೆ ನೂರರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಕೊಡುತ್ತದೆ. ಉಳಿದವರಿಗೆ ಹತ್ತುವುದು ಎರಡನೇ ಡೋಸಿಗೆ. ಅದು 16 ರಿಂದ 24 ತಿಂಗಳ ಒಳಗೆ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿಯ ಬೂಸ್ಟರ್ ಮತ್ತು ಪೋಲಿಯೋ ಹನಿ ಜೊತೆ. ಆಮೇಲೆ ಐದು ತುಂಬಿ ಆರರೊಳಗೆ ಇನ್ನೊಂದು ಡಿಪಿಟಿ, ಹತ್ತಕ್ಕೆ ಮತ್ತು ಹದಿನಾರಕ್ಕೆ ಧನುರ್ವಾಯು, ಗಂಟಲಮಾರಿಯ ಟಿಡಿ. ವಿಟಮಿನ್ ಎ ಮಾತ್ರ ಆರು ತಿಂಗಳಿಗೊಮ್ಮೆ, ಐದು ವರ್ಷದವರೆಗೆ ಒಟ್ಟು ಒಂಬತ್ತು ಸಲ. ಇವುಗಳಲ್ಲಿ ಜನ ಹೆಚ್ಚು ಮರೆಯುವುದು ಐದು ವರ್ಷದ ಡಿಪಿಟಿ. ಶಾಲೆಗೆ ಸೇರಿಸುವ ಗಡಿಬಿಡಿಯಲ್ಲಿ ಸಮವಸ್ತ್ರ ನೆನಪಿರುತ್ತದೆ, ಸೂಜಿ ಇರುವುದಿಲ್ಲ. ಗಂಟಲಮಾರಿ ವಿರುದ್ಧದ ರಕ್ಷಣೆ ವರ್ಷ ಕಳೆದಂತೆ ಕಡಿಮೆಯಾಗುತ್ತದೆ. ಕೂಸುಗಳಿಗಿಂತ ಶಾಲೆಗೆ ಹೋಗುವ ಮಕ್ಕಳಲ್ಲೇ ಈಗ ಈ ಕಾಯಿಲೆ ಕಾಣುವುದು ಅದಕ್ಕೇ. ಖಾಸಗಿ ಆಸ್ಪತ್ರೆಯಲ್ಲಿ 'ನೋವಿಲ್ಲದ' ಡಿಪಿಟಿ ಸಿಗುತ್ತದಲ್ಲ, ಅದರಲ್ಲಿ ಜ್ವರ, ಬಾವು ಕಡಿಮೆ ಅನ್ನುವುದು ನಿಜ. ಆದರೆ ನಾಯಿಕೆಮ್ಮಿನ ವಿರುದ್ಧ ಅದರ ರಕ್ಷಣೆ ಹಳೆಯದರಷ್ಟು ದಿನ ಬಾಳುವುದಿಲ್ಲ. ಸರ್ಕಾರಿ ಲಸಿಕೆ ಹಾಕಿಸಿದೆವಲ್ಲ ಅಂತ ಯಾರೂ ಕೀಳರಿಮೆ ಪಡಬೇಕಾಗಿಲ್ಲ. ಖಾಸಗಿಯಲ್ಲಿ ಹೆಚ್ಚುವರಿಯಾಗಿ ಸಿಗುವುದು ಮಂಗನಬಾವು, ಟೈಫಾಯ್ಡ್, ನೀರುಗುಳ್ಳೆ ಏಳುವ ಚಿಕನ್‌ಪಾಕ್ಸ್, ಫ್ಲೂ ಮುಂತಾದವು. ಕೈಯಲ್ಲಿ ದುಡ್ಡಿದ್ದರೆ ಹಾಕಿಸಿ. ಇಲ್ಲದಿದ್ದರೆ ಸರ್ಕಾರಿ ಪಟ್ಟಿ ಪೂರ್ತಿ ಮಾಡುವುದೇ ದೊಡ್ಡ ಕೆಲಸ.

ಈಗ ತೂಕ.

ನೀವು ಬರೆದ ನಾಲ್ಕು ಅಂಕಿಗಳನ್ನು ತಾಯಿ ಕಾರ್ಡಿನ ಗುಲಾಬಿ ಬಣ್ಣದ ಪುಟದಲ್ಲಿ ಚುಕ್ಕಿ ಇಟ್ಟು ಸೇರಿಸಿ ನೋಡಿ. ಹೆಣ್ಣುಮಕ್ಕಳಿಗೆ ಗುಲಾಬಿ, ಗಂಡುಮಕ್ಕಳಿಗೆ ನೀಲಿ. ಪುಟ ಬೇರೆ ಮಾಡಿದ್ದು ಚೆಂದಕ್ಕಲ್ಲ, ಎರಡರ ಲೆಕ್ಕವೇ ಬೇರೆ. ಹತ್ತು ತಿಂಗಳ ಗಂಡು ಮಗುವಿನ ನಡುವಿನ ತೂಕ 9.2 ಕಿಲೋ, ಹೆಣ್ಣು ಮಗುವಿನದು 8.5. ಪಕ್ಕದ ಮನೆಯ ಹುಡುಗನನ್ನು ಇಲ್ಲಿಗೇ ಬಿಟ್ಟುಬಿಡೋಣ, ಅವನು ಅವನ ಪುಟದಲ್ಲಿ ಚೆನ್ನಾಗಿರಲಿ.

ಹತ್ತು ತಿಂಗಳ ಹೆಣ್ಣು ಮಗುವಿನ ತೂಕ 6.7 ಕಿಲೋಗಿಂತ ಕಡಿಮೆ ಇದ್ದರೆ ಹಳದಿ ಪಟ್ಟಿ, 5.9ಕ್ಕಿಂತ ಕಡಿಮೆ ಇದ್ದರೆ ಕಿತ್ತಳೆ ಪಟ್ಟಿ. ನಿಮ್ಮ ಮಗಳು 7.3, ಅಂದರೆ ಹಸಿರಿನಲ್ಲೇ ಇದ್ದಾಳೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಹುಟ್ಟಿದಾಗ ಅವಳು ನಡುಗೆರೆಗಿಂತ ಕೆಳಗಿದ್ದಳು. ಮೂರು ತಿಂಗಳಿಗೂ ಅಷ್ಟೇ ಕೆಳಗೆ, ಆರಕ್ಕೂ ಅಷ್ಟೇ, ಈಗಲೂ ಸುಮಾರು ಅಷ್ಟೇ. ಅವಳದೇ ಒಂದು ದಾರಿ ಹಿಡಿದು, ಅದನ್ನು ಬಿಡದೆ ಮೇಲಕ್ಕೆ ಹೋಗುತ್ತಿದ್ದಾಳೆ. 2.6 ಕಿಲೋ ಹುಟ್ಟಿದ ಮಗು ವರ್ಷಕ್ಕೆ ಮೂರು ಪಟ್ಟು ಅಂದರೆ 7.8 ಆಗಬೇಕು ಅನ್ನುವ ಹಳೆಯ ಲೆಕ್ಕಕ್ಕೂ ಇವಳು ಸರಿಹೊಂದುತ್ತಾಳೆ. ಒಂದು ದಿನದ ತೂಕ ನೋಡಿ ನಾನು ಏನನ್ನೂ ಹೇಳಲಾರೆ. ನಾಲ್ಕು ಚುಕ್ಕಿಯ ಗೆರೆ ಕೊಟ್ಟರೆ ಬಹಳಷ್ಟು ಹೇಳಬಹುದು. ಹುಟ್ಟಿದಾಗ 3.5 ಕಿಲೋ ಇದ್ದು ಆರು ತಿಂಗಳಿಗೆ 7.5 ಇದ್ದ ಹೆಣ್ಣು ಮಗು ಈಗ 7.6 ಕಿಲೋ ಇದ್ದರೆ, ಅದು ನಿಮ್ಮ ಮಗಳಿಗಿಂತ ದಪ್ಪ. ಆದರೆ ನಾನು ಮೊದಲು ಕರೆಸುವುದು ಆ ಮಗುವನ್ನು.

'ಮೊದಲಿನ ಹಾಗೆ ತೂಕ ಏರುತ್ತಿಲ್ಲ' ಅಂತ ಅತ್ತೆಗೆ ಅನ್ನಿಸಿರಬಹುದು. ಅದು ಸರಿಯೇ, ಯಾವ ಮಗುವಿನದೂ ಏರುವುದಿಲ್ಲ. ಮೊದಲ ಮೂರು ತಿಂಗಳು ದಿನಕ್ಕೆ 25-30 ಗ್ರಾಂ ಏರುತ್ತದೆ. ಒಂಬತ್ತು ಹತ್ತು ತಿಂಗಳಿಗೆ ಬಂದಾಗ ಇಡೀ ತಿಂಗಳಿಗೆ ಕಾಲು ಕಿಲೋ ಬಂದರೂ ಪರವಾಗಿಲ್ಲ. ಮೈ ಉದ್ದವಾಗುತ್ತದೆ, ಓಡಾಟ ಶುರುವಾಗುತ್ತದೆ, ಕೆನ್ನೆ ಇಳಿಯುತ್ತದೆ. ಮನೆಯವರು ಸೊರಗಿತು ಅನ್ನುವುದು ಆಗಲೇ.

'ಈ ಪಟ್ಟಿ ಯಾರೋ ಫಾರಿನ್ ಮಕ್ಕಳದ್ದು, ನಮ್ಮ ಮಕ್ಕಳಿಗೆ ಹೊಂದಲ್ಲ' ಅನ್ನುವ ವಾದವೂ ಇದೆ. ಹಿಂದೆ ಬಳಕೆಯಲ್ಲಿದ್ದ ಪಟ್ಟಿ ನಿಜಕ್ಕೂ ಅಮೆರಿಕದ, ಹೆಚ್ಚಾಗಿ ಬಾಟಲಿ ಹಾಲು ಕುಡಿದ ಮಕ್ಕಳದ್ದು. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆದು 2006ರಲ್ಲಿ ಹೊಸ ಪಟ್ಟಿ ತಂದಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಜೊತೆಗೆ ನಮ್ಮ ದಕ್ಷಿಣ ದೆಹಲಿ. ಎದೆಹಾಲು ಕುಡಿದು, ಹೊಟ್ಟೆತುಂಬ ಉಂಡು ಬೆಳೆದ ಮಕ್ಕಳು ಮೊದಲ ಐದು ವರ್ಷ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರ ಬೆಳೆಯುತ್ತಾರೆ ಅಂತ ಅದರಿಂದ ಗೊತ್ತಾಯಿತು. ನಿಮ್ಮ ಕಾರ್ಡಿನಲ್ಲಿ ಇರುವುದು ಆ ಪಟ್ಟಿಯೇ. ಸಣ್ಣ ಅಪ್ಪ-ಅಮ್ಮನಿಗೆ ಸಣ್ಣ ಮಗು ಹುಟ್ಟುವುದು ಸಹಜ, ಆದರೆ 'ನಮ್ಮ ವಂಶವೇ ಹಾಗೆ' ಅಂತ ಹಳದಿ ಪಟ್ಟಿಗೆ ಜಾರುವುದನ್ನು ಒಪ್ಪಿಕೊಳ್ಳಬಾರದು.

ತೂಕ ನೋಡುವಾಗ ತಕ್ಕಡಿ ಒಂದೇ ಇರಲಿ. ಅಂಗನವಾಡಿಯಲ್ಲೊಮ್ಮೆ, ಮೆಡಿಕಲ್ ಶಾಪಿನಲ್ಲೊಮ್ಮೆ, ಸ್ವೆಟರ್ ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ ತೂಗಿದರೆ ಕಾಲು ಕಿಲೋ ವ್ಯತ್ಯಾಸ ಸುಮ್ನೆ ಬರುತ್ತದೆ, ನಿದ್ದೆ ಕೆಡುವುದು ನಿಮ್ಮದು. ತಿಂಗಳಿಗೊಮ್ಮೆ ಸಾಕು, ವಾರಕ್ಕೊಮ್ಮೆ ಬೇಡ.

ನೀವು ಉದ್ದ ಬರೆದಿಲ್ಲ. ಯಾರೂ ಬರೆಯುವುದಿಲ್ಲ. ಗುರುವಾರ ಹೋದಾಗ ಅದನ್ನೂ ಅಳೆಸಿ. ಎರಡು ವರ್ಷದವರೆಗೆ ಮಲಗಿಸಿಯೇ ಅಳೆಯಬೇಕು, ಒಬ್ಬರು ತಲೆ, ಇನ್ನೊಬ್ಬರು ಕಾಲು ಹಿಡಿದರೆ ಮಾತ್ರ ಸರಿಯಾಗಿ ಬರುತ್ತದೆ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್, ವರ್ಷಕ್ಕೆ 75ರ ಹತ್ತಿರ ಅನ್ನುವುದು ಸಾಮಾನ್ಯ ಲೆಕ್ಕ. ತೂಕ ಒಂದು ವಾರದ ಭೇದಿಗೂ ಇಳಿಯುತ್ತದೆ. ಉದ್ದ ಹಾಗಲ್ಲ, ತಿಂಗಳುಗಟ್ಟಲೆ ಊಟ ಸಾಲದೆ ಹೋದಾಗ, ಪದೇ ಪದೇ ಕಾಯಿಲೆ ಬಿದ್ದಾಗ ಅದು ಕುಂಠಿತವಾಗುತ್ತದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ದುಂಡಗೆ ಕಾಣುವ ಗಿಡ್ಡ ಮಗುವನ್ನು ಯಾರೂ 'ಸೊರಗಿದೆ' ಅನ್ನುವುದಿಲ್ಲ, ಅದೇ ತೊಂದರೆ. ತಲೆಯ ಸುತ್ತಳತೆಯನ್ನೂ ಒಮ್ಮೆ ನೋಡಿಸಿ. ಅಂಗನವಾಡಿಯಲ್ಲಿ ತೋಳಿಗೆ ಸುತ್ತುವ ಮೂರು ಬಣ್ಣದ ಟೇಪ್ ಇರುತ್ತದೆ. 12.5 ಸೆಂಟಿಮೀಟರ್ ಅಥವಾ ಹೆಚ್ಚಿದ್ದರೆ ಹಸಿರು. 11.5ಕ್ಕಿಂತ ಕಡಿಮೆ ಅಂದರೆ ಕೆಂಪು, ಆ ಮಗುವನ್ನು ತಡ ಮಾಡದೆ ವೈದ್ಯರಿಗೆ ತೋರಿಸಬೇಕು, ಬೇಕಾದರೆ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ.

ನಿಮ್ಮ ಮಗಳ ವಿಷಯದಲ್ಲಿ ನನಗೆ ಕೇಳಬೇಕಿರುವುದು ಊಟದ ಬಗ್ಗೆ. ಏನು ತಿನ್ನಿಸುತ್ತೀರಿ ಅಂತ ಬರೆದಿಲ್ಲ. ಹೆಚ್ಚಿನ ಮನೆಗಳಲ್ಲಿ ರಾಗಿ ಸರಿ ಕೊಡುತ್ತಾರೆ, ಒಳ್ಳೆಯದೇ. ಆದರೆ ಅದನ್ನು ಕುಡಿಯುವಷ್ಟು ತೆಳ್ಳಗೆ ಮಾಡುತ್ತಾರೆ. ಹೊಟ್ಟೆ ನೀರಿನಿಂದ ತುಂಬುತ್ತದೆ. ಚಮಚ ಓರೆ ಮಾಡಿದರೂ ಜಾರದಷ್ಟು ಗಟ್ಟಿ ಇರಲಿ, ಮೇಲೆ ಒಂದು ಚಮಚ ತುಪ್ಪ ಅಥವಾ ಎಣ್ಣೆ ಹಾಕಿ. ಬೇಳೆ ಕಟ್ಟು ಕುಡಿಸುವುದೂ ಹಾಗೆಯೇ, ಬೇಳೆಯೆಲ್ಲ ದೊಡ್ಡವರ ಸಾರಿಗೆ, ನೀರು ಮಗುವಿಗೆ. ಬೇಳೆಯನ್ನೇ ಹಿಸುಕಿ ಅನ್ನದ ಜೊತೆ ಕೊಡಿ. ಮನೆಯಲ್ಲಿ ತಿನ್ನುವವರಾದರೆ ಮೊಟ್ಟೆ ಈಗ ಕೊಡಬಹುದು, ಹಳದಿ ಬಿಳಿ ಎರಡೂ. ಎದೆಹಾಲಿನ ಜೊತೆ ದಿನಕ್ಕೆ ಮೂರು ನಾಲ್ಕು ಊಟ, ನಡುವೆ ಬಾಳೆಹಣ್ಣು, ಇಡ್ಲಿ ಏನಾದರೂ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಬೇಡ. ಜೇನುತುಪ್ಪ ವರ್ಷ ತುಂಬುವವರೆಗೆ ನಾಲಿಗೆಗೂ ತಾಗಿಸಬೇಡಿ. ಅಂಗನವಾಡಿಯಿಂದ ಬರುವ ಆಹಾರದ ಪುಡಿ ಮನೆಯ ದೊಡ್ಡವರ ಲೋಟಕ್ಕೆ ಹೋಗದಂತೆ ನೋಡಿಕೊಳ್ಳಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆರಡು ಸಲ, ಒಂದೊಂದು ಎಂಎಲ್. ಕಕ್ಕ ಕಪ್ಪಗಾಗುತ್ತದೆ ಅಂತ ನಿಲ್ಲಿಸಬೇಡಿ.

ಎರಡು ತಿಂಗಳು ಸತತವಾಗಿ ಗೆರೆ ಮಲಗಿಬಿಟ್ಟರೆ, ಅಥವಾ ಒಂದು ತಿಂಗಳಾದರೂ ಕೆಳಕ್ಕೆ ಬಗ್ಗಿದರೆ ಡಾಕ್ಟರ ಹತ್ತಿರ ಹೋಗಿ. ಹಾಲು ಕುಡಿಯುವಾಗ ಸುಸ್ತಾಗಿ ಬೆವರುವುದು, ಪದೇ ಪದೇ ಕಫ ಕಟ್ಟುವುದು, ಭೇದಿ ನಿಲ್ಲದಿರುವುದು, ಮೂತ್ರಕ್ಕೆ ಹೋಗುವಾಗ ಅಳುವುದು ಜೊತೆಗಿದ್ದರೆ ಇನ್ನೂ ಬೇಗ.

ಇನ್ನು ಅಂಬೆಗಾಲು. ಯಾವ ಮಗು ಯಾವಾಗ ಏನು ಮಾಡಬೇಕು ಅನ್ನುವುದಕ್ಕೆ ಒಂದು ತಾರೀಖು ಇಲ್ಲ, ಒಂದು ಅವಧಿ ಇದೆ. ಅದೇ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಆಧಾರವಿಲ್ಲದೆ ಕೂರುವುದು ಸುಮಾರು ನಾಲ್ಕರಿಂದ ಒಂಬತ್ತು ತಿಂಗಳ ಒಳಗೆ. ಅಂಬೆಗಾಲು ಐದರಿಂದ ಹದಿಮೂರೂವರೆ ತಿಂಗಳು. ಹಿಡಿದು ನಿಲ್ಲುವುದು ಐದರಿಂದ ಹನ್ನೊಂದೂವರೆ. ತಾನೇ ನಡೆಯುವುದು ಎಂಟರಿಂದ ಹದಿನೇಳೂವರೆ. ನೋಡಿ, ನಡಿಗೆಗೆ ಒಂಬತ್ತು ತಿಂಗಳಿಗೂ ಹೆಚ್ಚಿನ ಅವಕಾಶ ಇದೆ. ಎಂಟಕ್ಕೇ ನಡೆದ ಮಗು ಜಾಣ, ಹದಿನಾರಕ್ಕೆ ನಡೆದದ್ದು ಮಂಕು ಅನ್ನುವುದಕ್ಕೆ ಅರ್ಥವಿಲ್ಲ. ಆ ಅಧ್ಯಯನದಲ್ಲೇ ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲನ್ನೇ ಇಡಲಿಲ್ಲ. ಕೆಲವು ಕೂತಲ್ಲೇ ಸರಿಯುತ್ತವೆ, ಕೆಲವು ಹೊಟ್ಟೆ ಎಳೆಯುತ್ತವೆ, ಕೆಲವು ನೇರ ಎದ್ದು ನಿಲ್ಲುತ್ತವೆ. ನಿಮ್ಮ ಮಗಳು ಏಳಕ್ಕೇ ಕೂತಿದ್ದಾಳೆ, ಅವಳ ಸರದಿ ಬರುತ್ತದೆ.

ವಾಕರ್ ತರಬೇಡಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ತಡವಾಗುವುದೇ ಜಾಸ್ತಿ. ಮೆಟ್ಟಿಲಿಂದ ಉರುಳುವುದು, ಒಲೆಯ ಪಾತ್ರೆಗೆ ಕೈ ಎಟುಕುವುದು ಬೇರೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ನೆಲದ ಮೇಲೆ ಚಾಪೆ ಹಾಸಿ, ಹೊಟ್ಟೆ ಮೇಲೆ ಮಲಗಿಸಿ, ಆಟಿಕೆಯನ್ನು ಕೈಗೆ ಸಿಗದಷ್ಟು ದೂರ ಇಡಿ. ದಿನವಿಡೀ ಯಾರಾದರೂ ಎತ್ತಿಕೊಂಡೇ ಇರುವ ತುಂಬಿದ ಮನೆಯ ಕೂಸಿಗೆ ಅಂಬೆಗಾಲಿಡಲು ಜಾಗವಾದರೂ ಎಲ್ಲಿ? ಎರೆಯುವ ಅಜ್ಜಿಗೆ ಎಣ್ಣೆ ತಿಕ್ಕಲು ಬಿಡಿ, ಕೈಕಾಲು ಹಿಡಿದು ತಲೆಕೆಳಗೆ ತೂಗಲು ಬಿಡಬೇಡಿ.

ನಡಿಗೆಗಿಂತ ನಾನು ಈ ವಯಸ್ಸಿನಲ್ಲಿ ಹೆಚ್ಚು ಗಮನಿಸುವುದು ಬೇರೆಯದನ್ನು. ಹೆಸರು ಕರೆದರೆ ತಿರುಗುತ್ತಾಳಾ? 'ಕಾಗೆ ಎಲ್ಲಿ' ಅಂದರೆ ಹುಡುಕುತ್ತಾಳಾ? ಮುಖ ನೋಡಿ ನಗುತ್ತಾಳಾ, ಹೊಸಬರನ್ನು ಕಂಡು ಮುದುಡುತ್ತಾಳಾ? ಬಬಬ, ದದದ, ಮಮಮ ಅಂತ ಮಾತಾಡುತ್ತಾಳಾ? ಒಂದು ಕೈಯ ಆಟಿಕೆಯನ್ನು ಇನ್ನೊಂದಕ್ಕೆ ಬದಲಿಸುತ್ತಾಳಾ? ಎರಡೂ ಕೈಯನ್ನು ಸಮನಾಗಿ ಬಳಸುತ್ತಾಳಾ? ಇದಕ್ಕೆಲ್ಲ ಹೌದು ಅಂದರೆ ಅಂಬೆಗಾಲಿನ ಚಿಂತೆ ಬಿಡಿ. ವರ್ಷದೊಳಗೇ ಒಂದೇ ಕೈ ಮುಂದೆ ಬರುತ್ತಿದ್ದರೆ ಎಡಚ ಬಲಚ ಅಂತ ಖುಷಿಪಡದೆ ತೋರಿಸಬೇಕು, ಇನ್ನೊಂದು ಕೈ ಸೋತಿರಬಹುದು. ಒಂಬತ್ತು ತಿಂಗಳು ಕಳೆದರೂ ಕೂರದಿದ್ದರೆ, ವರ್ಷಕ್ಕೆ ಟಾಟಾ ಮಾಡುವುದು, ಬೆರಳು ತೋರಿಸುವುದು ಯಾವುದೂ ಇಲ್ಲದಿದ್ದರೆ, ಹದಿನಾರು ತಿಂಗಳಿಗೆ ಒಂದೂ ಪದ ಬರದಿದ್ದರೆ, ಹದಿನೆಂಟಕ್ಕೆ ನಡೆಯದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ಕಾಯಬಾರದು. ಬಂದಿದ್ದ ಕಲಿಕೆ ಹೋಗಿಬಿಟ್ಟರೆ, ಅಂದರೆ ಕೂರುತ್ತಿದ್ದ ಮಗು ಕೂರದಾದರೆ, ಮಾತಾಡುತ್ತಿದ್ದದ್ದು ಸುಮ್ಮನಾದರೆ, ಯಾವ ವಯಸ್ಸಿನಲ್ಲೇ ಆಗಲಿ ಅದೇ ವಾರ ತೋರಿಸಿ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಮಾತ್ರ ಈ ಲೆಕ್ಕವನ್ನು ಹೆರಿಗೆಗೆ ಕೊಟ್ಟಿದ್ದ ತಾರೀಖಿನಿಂದ ಹಾಕಬೇಕು, ಎರಡು ವರ್ಷದವರೆಗೆ. ಅಂಥ ಮಕ್ಕಳಿಗೂ ಲಸಿಕೆಯ ಲೆಕ್ಕ ಹುಟ್ಟಿದ ದಿನದಿಂದಲೇ.

ಕಿವಿಯ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಕಿವಿ ಕೇಳದ ಕೂಸೂ ಮೊದಲ ಆರು ತಿಂಗಳು ಎಲ್ಲರ ಹಾಗೆ ಊ, ಆ ಅನ್ನುತ್ತದೆ. ಆಮೇಲೆ ನಿಧಾನವಾಗಿ ಸದ್ದು ಕಡಿಮೆಯಾಗುತ್ತದೆ. 'ನಮ್ಮ ಮನೇಲಿ ಮಾತು ತಡ, ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು' ಅಂತ ಕಾಯುತ್ತಾರೆ. ಅಷ್ಟರಲ್ಲಿ ಮಾತು ಕಲಿಯುವ ಒಳ್ಳೆಯ ಕಾಲ ಕಳೆದುಹೋಗಿರುತ್ತದೆ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆಯಾದವರ ಮಕ್ಕಳಲ್ಲಿ ಹುಟ್ಟು ಕಿವುಡು ಹೆಚ್ಚು ಕಾಣುತ್ತದೆ. ನಿಮ್ಮದೂ ಹಾಗಿದ್ದರೆ ಅನುಮಾನ ಬರುವವರೆಗೂ ಕಾಯದೆ ಒಮ್ಮೆ ಪರೀಕ್ಷೆ ಮಾಡಿಸಿ. ತಟ್ಟೆ ಬಡಿದಾಗ ಬೆಚ್ಚಿದರೆ ಕಿವಿ ಸರಿ ಇದೆ ಅಂತಲ್ಲ, ನೆಲದ ಅದುರುವಿಕೆಗೂ ಮಗು ಬೆಚ್ಚುತ್ತದೆ. ಪರೀಕ್ಷೆಗೆ ನೋವಿಲ್ಲ, ಮಗು ನಿದ್ದೆಯಲ್ಲಿ ಇದ್ದಾಗಲೇ ಮಾಡುತ್ತಾರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬರುತ್ತದೆ, ಅವರಿಗೆ ಹೇಳಿದರೆ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ನೇರವಾಗಿಯೂ ಹೋಗಬಹುದು.